ಲಾರೆನ್ಸಣ್ಣನ ಪಂಚು ಮತ್ತು ನನ್ನ ಎಸ್ಸೆಸ್ಸೆಲ್ಸಿ ವಿಜ್ಞಾನ

ಪಂಚು ಮಾಡುವುದು ಬಹಳ ಸುಲಭ ಎಂಬುದು ನನಗೆ ಮನವರಿಕೆಯಾದದ್ದು ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮೊಬೈಲು ನೋಡುತ್ತಾ ಕೂತಿದ್ದಾಗ. ವಿಡಿಯೋದಲ್ಲಿ ಒಬ್ಬ ಹೆಂಗಸು ದೊಡ್ಡ ಗಾಜಿನ ಬಟ್ಟಲಿಗೆ ನಾಲ್ಕು ಬಗೆಯ ಹಣ್ಣಿನ ರಸ ಹೊಯ್ದಳು, ಮೇಲಿಂದ ಸೋಡಾ ಸುರಿದಳು, ಎರಡು ತುಂಡು ಚಕ್ಕೆ ತೇಲಿಬಿಟ್ಟಳು, ನಕ್ಕಳು. ಒಟ್ಟು ಮೂರು ನಿಮಿಷ. ಅದರಲ್ಲೂ ಅರ್ಧ ನಿಮಿಷ ನಗುವುದಕ್ಕೇ ಹೋಗಿತ್ತು.

"ಇಷ್ಟೆಯಾ!" ಎಂದು ಗಟ್ಟಿಯಾಗಿಯೇ ಹೇಳಿದೆ.

ನನ್ನ ಬದುಕಿನ ಸಕಲ ಅನಾಹುತಗಳೂ ಈ ಒಂದು ಉದ್ಗಾರದಿಂದಲೇ ಆರಂಭವಾಗಿವೆ. ಮಿಕ್ಸಿ ರಿಪೇರಿ ಮಾಡಲು ಹೊರಟಾಗಲೂ ಇದನ್ನೇ ಹೇಳಿದ್ದೆ. ನೀರಿನ ಟ್ಯಾಂಕಿ ತೊಳೆಯಲು ಇಳಿದಾಗಲೂ ಇದನ್ನೇ ಹೇಳಿದ್ದೆ. ಆಮೇಲೆ ಹತ್ತಿ ಬರಲಾಗದೆ ಬೇರೆ ಮಾತುಗಳನ್ನೂ ಹೇಳಿದ್ದೆ. ಅವೆಲ್ಲ ಇಲ್ಲಿ ಬೇಡ.

ಪುತ್ತೂರಿನಲ್ಲಿ ನನಗೊಂದು ಜೆರಾಕ್ಸ್ ಅಂಗಡಿಯಿದೆ. ಮನೆ ಪೇಟೆಯಿಂದ ತುಸು ಹೊರಗೆ, ಎಂಟು ಮನೆಗಳ ಒಂದು ಓಣಿಯಲ್ಲಿ. ಹೆಂಡತಿ ವಿಜಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಶಾಲೆಯಲ್ಲಿ ಅವಳು ಮಕ್ಕಳ ತಪ್ಪು ತಿದ್ದುತ್ತಾಳೆ. ಮನೆಗೆ ಬಂದ ಮೇಲೆ ಅವಳಿಗೆ ನಾನಿದ್ದೇನೆ.

ನಮ್ಮ ಓಣಿಯಲ್ಲಿ ಹದಿನೆಂಟು ವರ್ಷಗಳಿಂದ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಕ್ರಿಸ್ಮಸ್ಸಿಗೂ ಹೊಸ ವರ್ಷಕ್ಕೂ ನಡುವೆ ಬರುವ ಭಾನುವಾರ ಸಂಜೆ ಎಂಟೂ ಮನೆಯವರು ಓಣಿಯ ಕೊನೆಯ ಹಲಸಿನ ಮರದಡಿ ಸೇರುವುದು. ಒಬ್ಬರ ಮನೆಯಿಂದ ಗೋಳಿಬಜೆ, ಇನ್ನೊಬ್ಬರ ಮನೆಯಿಂದ ಚಕ್ಕುಲಿ, ಮತ್ತೊಬ್ಬರ ಮನೆಯಿಂದ ಪತ್ರೊಡೆ. ನಡುವೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ನಮ್ಮ ಪಕ್ಕದ ಮನೆಯ ಲಾರೆನ್ಸಣ್ಣನ ಪಂಚು!

ಲಾರೆನ್ಸಣ್ಣನದು ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಪುತ್ತೂರಿನಿಂದ ಕಡಬದವರೆಗೆ ಯಾರ ಬಾವಿಯ ಮೋಟಾರು ಸುಟ್ಟರೂ ಅವರಲ್ಲಿಗೇ ಬರುತ್ತಿತ್ತು. ವರ್ಷವಿಡೀ ತಾಮ್ರದ ತಂತಿ ಸುತ್ತುತ್ತಿದ್ದ ಆ ಮನುಷ್ಯ ಆ ಒಂದು ಸಂಜೆ ಮಾತ್ರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಉದ್ದನೆಯ ಸೌಟು ಹಿಡಿದು, ಮದುವೆ ಮನೆಯ ಯಜಮಾನರ ಹಾಗೆ ನಿಲ್ಲುತ್ತಿದ್ದರು. ಒಂದೊಂದು ಗ್ಲಾಸಿಗೂ ಒಂದೊಂದು ಭಾಷಣ. "ಇದರಲ್ಲಿ ಹನ್ನೊಂದು ಸಾಮಾನು ಉಂಟು. ಹತ್ತು ಹೇಳ್ತೇನೆ, ಹನ್ನೊಂದನೆಯದ್ದು ಹೇಳುದಿಲ್ಲ!" ಕಡು ಕೆಂಪು ಬಣ್ಣ, ನಾಲಿಗೆಗೆ ಸಿಹಿ, ಗಂಟಲಲ್ಲಿ ಸಣ್ಣ ಖಾರ. ಮದ್ಯ ಒಂದು ತೊಟ್ಟೂ ಇಲ್ಲ. ಆದರೂ ಓಣಿಯ ಹಿರಿಯರಾದ ಸುಬ್ರಾಯ ಮಾಷ್ಟ್ರು ಪ್ರತಿ ವರ್ಷ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, "ಲಾರೆನ್ಸಾ, ಇದರಲ್ಲಿ 'ಅದು' ಇಲ್ಲ ಅಲ್ವಾ?" ಎಂದು ಕೇಳಿಯೇ ಕುಡಿಯುತ್ತಿದ್ದರು. ಮೂರು ಗ್ಲಾಸು ಕುಡಿಯುತ್ತಿದ್ದರು. ಮೂರು ಸಲವೂ ಕೇಳುತ್ತಿದ್ದರು.

ಈ ವರ್ಷ ಜೂನ್ ತಿಂಗಳಲ್ಲಿ ಲಾರೆನ್ಸಣ್ಣ ತೀರಿಕೊಂಡರು. ಬೆಳಿಗ್ಗೆ ಅಂಗಡಿಗೆ ಹೊರಟವರು ಬೈಕಿನ ಹತ್ತಿರವೇ ಕುಸಿದರು. ಅಷ್ಟೆ.

ಅವರ ಹೆಂಡತಿ ಫೆಲ್ಸಿ ಬಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಅವರ ಮನೆಯಿಂದ ಕೇಳುತ್ತಿದ್ದುದು ಹೊಲಿಗೆ ಮಿಷನ್ನಿನ ಸದ್ದೊಂದೇ. ಮೊದಲಾದರೆ ಆ ಸದ್ದಿನ ನಡುವೆ ಅವರ ನಗು, ಕಾಂಪೌಂಡಿನ ಆಚೆಗೂ ಕೇಳುವಂಥ ಮಾತು. ಈಗ ಮಿಷನ್ನು ಮಾತ್ರ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡಲಿಲ್ಲ, ನಕ್ಷತ್ರ ಕಟ್ಟಲಿಲ್ಲ.

ಆ ಭಾನುವಾರ ಹತ್ತಿರ ಬಂದಾಗ ಉಳಿದ ಏಳು ಮನೆಯವರು ನಮ್ಮ ಜಗಲಿಯಲ್ಲಿ ಸೇರಿ ಪಿಸುಮಾತಿನಲ್ಲಿ ಸಭೆ ನಡೆಸಿದೆವು. ಪಿಸುಮಾತು ಯಾಕೆಂದರೆ ಫೆಲ್ಸಿ ಬಾಯಿಗೆ ಕೇಳಿಸಬಾರದು.

"ಈ ವರ್ಷ ಬೇಡ," ಎಂದರು ಮಾಷ್ಟ್ರು. "ಆ ಹೆಂಗಸಿಗೆ ಬೇಜಾರಾದೀತು."

"ಮಾಡದಿದ್ದರೆ ಅವರು ಒಳಗೇ ಉಳೀತಾರೆ," ಎಂದಳು ವಿಜಯ. "ಮಾಡುವ. ಅವರನ್ನೂ ಕರೆಯುವ. ಒಂದು ಗಳಿಗೆ ಹೊರಗೆ ಬಂದು ಕೂತರೂ ಸಾಕು."

"ಆದರೆ ಪಂಚು?" ಎಂದು ಯಾರೋ ಕೇಳಿದರು.  ಪಂಚಿಲ್ಲದೆ ಆ ಮೇಜನ್ನು ಊಹಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಅಷ್ಟರಲ್ಲಿ ಒಂದು ಧ್ವನಿ ಕೇಳಿಬಂತು: "ಪಂಚು ನಾನು ಮಾಡ್ತೇನೆ."

ಧ್ವನಿ ನನ್ನದೇ ಆಗಿತ್ತು.

ವಿಜಯ ನನ್ನತ್ತ ತಿರುಗಿದಳು. ಇಪ್ಪತ್ತಾರು ವರ್ಷ ದಾಂಪತ್ಯ ನಡೆಸಿದವರಿಗೆ ಮಾತ್ರ ಓದಲು ಬರುವ ನೋಟ ಅದು. ನಾನು ಓದಲಿಲ್ಲ.

ಮರುದಿನ ನಾನೇ ಫೆಲ್ಸಿ ಬಾಯಿಯ ಗೇಟಿನ ಹತ್ತಿರ ಹೋಗಿ, ಸ್ವರ ತಗ್ಗಿಸಿ, "ಭಾನುವಾರ ಸಂಜೆ ಸುಮ್ಮನೆ ಬನ್ನಿ ಬಾಯಿ. ನೀವು ಎಂತದೂ ಮಾಡುದು ಬೇಡ. ಎಲ್ಲ ನಾವು ನೋಡಿಕೊಳ್ತೇವೆ," ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, "ನೋಡುವ ಗಣಪಣ್ಣ," ಎಂದು ಒಳಗೆ ಹೋದರು. ಎಷ್ಟು ನಾಜೂಕಾಗಿ ಮಾತಾಡಿದೆ ಎಂದು ನಾನು ಹೆಮ್ಮೆಯಿಂದ ಮನೆಗೆ ಬಂದೆ.

ಸಿದ್ಧತೆಗಳು ಲಿಖಿತ ರೂಪದಿಂದ ಪ್ರಾರಂಭವಾದವು. ಜೆರಾಕ್ಸ್ ಅಂಗಡಿ ಇದ್ದವನಿಗೆ ಅದೇ ಸುಲಭ. ಮಾಷ್ಟ್ರ ಸಂಶಯವನ್ನು ಶಾಶ್ವತವಾಗಿ ನಿವಾರಿಸುವ ಘನ ಉದ್ದೇಶದಿಂದ ದೊಡ್ಡ ಅಕ್ಷರದಲ್ಲಿ ಒಂದು ಫಲಕ ಪ್ರಿಂಟು ಹೊಡೆದು, ಲ್ಯಾಮಿನೇಶನ್ ಮಾಡಿಸಿ ತಂದೆ: 'ಮಧ್ಯರಹಿತ ಪಾನೀಯ'.

ವಿಜಯ ನೋಡಿದಳು. "ಮದ್ಯ ಅಂದರೆ ಕಳ್ಳು, ಸಾರಾಯಿ. ಮಧ್ಯ ಅಂದರೆ ನಡು. ನಿಮ್ಮ ಪಾನೀಯಕ್ಕೆ ನಡು ಇಲ್ವಾ?"

"ಅರ್ಥ ಆಗ್ತದೆ ಬಿಡು."

"ಕುಡಿದವರಿಗೆ ಆಗಲೂಬಹುದು," ಎಂದು ಅವಳು ಕೆಂಪು ಪೆನ್ನು ಹುಡುಕಲು ಹೋದಳು. ಲ್ಯಾಮಿನೇಶನ್ ಮೇಲೆ ಕೆಂಪು ಪೆನ್ನು ಹಿಡಿಯಲಿಲ್ಲ. ಫಲಕ ನಡುವಿಲ್ಲದೆಯೇ ಉಳಿಯಿತು.

ಶನಿವಾರ ಅಂಗಡಿಗೆ ರಜೆ ಹಾಕಿ ಸ್ಕೂಟರಿನಲ್ಲಿ ಹೊರಟೆ. ಕಿತ್ತಳೆ ಪುತ್ತೂರಿನ ಅಂಗಡಿಗಳಲ್ಲೂ ಧಾರಾಳ ಸಿಗುತ್ತದೆ. ಆದರೆ ಪಂಚಿಗೆ ಕೊಡಗಿನ ಕಿತ್ತಳೆಯೇ ಆಗಬೇಕೆಂದು ನಾನು ತೀರ್ಮಾನಿಸಿದ್ದೆ. ಆದ್ದರಿಂದ ಸುಳ್ಯ ದಾಟಿ ಸಂಪಾಜೆಯವರೆಗೆ ಹೋಗಿ, ರಸ್ತೆ ಬದಿಯಲ್ಲಿ ಮಾರುತ್ತಿದ್ದವರಿಂದ ಒಂದು ಗೋಣಿ ಕಿತ್ತಳೆ ತೆಗೆದುಕೊಂಡೆ. ಬರುವಾಗ ಐವರ್ನಾಡಿನಲ್ಲಿರುವ ಹೆಂಡತಿಯ ಅಣ್ಣ ಶ್ಯಾಮ ಭಾವನ ಮನೆಗೆ ಹೊಕ್ಕೆ. ಕೆಂಪು ಬಣ್ಣಕ್ಕೂ ಹುಳಿಗೂ ಬೇಕಾದ ಒಣಗಿಸಿದ ಪುನರ್ಪುಳಿ ಸಿಪ್ಪೆ ಅವರಲ್ಲಿ ಬೇಕಾದಷ್ಟಿತ್ತು. ಅದಕ್ಕಿಂತ ಮುಖ್ಯವಾಗಿ, ನನ್ನ ಕಣ್ಣಿಗೆ ಅಲ್ಲಿ ಒಂದು ತಾಮ್ರದ ಕೊಪ್ಪರಿಗೆ ಬಿತ್ತು. ಉಜ್ಜಿ ಉಜ್ಜಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಬಿಳಿ ಬಟ್ಟೆಯ ಮೇಜು, ತಾಮ್ರದ ಕೊಪ್ಪರಿಗೆ, ಕೆಂಪು ಪಂಚು! ನನ್ನ ಕಣ್ಣೆದುರು ಫೋಟೋವೇ ಬಂದು ನಿಂತಿತು.

"ಒಳಗಿನ ಕಲಾಯಿ ಎಲ್ಲ ಹೋಗಿದೆ ಭಾವ," ಎಂದರು ಶ್ಯಾಮ ಭಾವ. "ನೀರಿಗೆ ಮಾತ್ರ ಆದೀತು."

"ಪಂಚು ಅಂದರೆ ಇನ್ನೆಂತ? ನೀರೇ ಅಲ್ವಾ!" ಎಂದು ನಕ್ಕೆ.

ಭಾವನೂ ನಕ್ಕರು. ಪಂಚು ಎಂದರೇನೆಂದು ಪಾಪ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತೇ?

ಸ್ಕೂಟರಿನ ಮುಂದೆ ಕಿತ್ತಳೆ ಗೋಣಿ, ಹಿಂದೆ ಕಟ್ಟಿದ ಕೊಪ್ಪರಿಗೆ, ನಡುವೆ ನಾನು. ದಾರಿಯುದ್ದಕ್ಕೂ ಜನ ನನ್ನನ್ನು ಅಡುಗೆ ಭಟ್ಟರೆಂದು ತಿಳಿದು ಗೌರವದಿಂದ ದಾರಿ ಬಿಟ್ಟರು. ಒಬ್ಬರಂತೂ ನಿಲ್ಲಿಸಿ, ಮಗಳ ಮದುವೆಗೆ ದಿನ ಖಾಲಿ ಉಂಟಾ ಎಂದೂ ವಿಚಾರಿಸಿದರು.

ಸಂಜೆಯಿಡೀ ನಾನೂ ವಿಜಯಳೂ ಕಿತ್ತಳೆ ಹಿಂಡಿದೆವು. ಕೊಡಗಿನ ಕಿತ್ತಳೆಯ ರುಚಿ ದೊಡ್ಡದು. ಬೀಜದ ಸಂಖ್ಯೆಯೂ ದೊಡ್ಡದು. ಅನಾನಸು ರುಬ್ಬಿ, ಪುನರ್ಪುಳಿ ನೆನೆಸಿ, ಶುಂಠಿ ಜಜ್ಜಿ, ಸಕ್ಕರೆ ಕರಗಿಸಿ, ಎಲ್ಲವನ್ನೂ ಕೂಡಿಸುವ ಹೊತ್ತಿಗೆ ವಿಜಯಳಿಗೆ ಸಾಕಾಗಿ ಹೋಗಿತ್ತು. ಅವಳು ಅನ್ನಕ್ಕಿಡಲು ಒಳಗೆ ಹೋದಳು. ನಾನು ಸಮಸ್ತವನ್ನೂ ಕೊಪ್ಪರಿಗೆಗೆ ಹೊಯ್ದು, ರಸಗಳು ಪರಸ್ಪರ ಪರಿಚಯ ಮಾಡಿಕೊಳ್ಳಲಿ ಎಂದು ಮುಚ್ಚಳ ಮುಚ್ಚಿದೆ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ರಸಗಳ ಪರಿಚಯ ಸ್ವಲ್ಪ ಅತಿಯಾಗಿಯೇ ಆಗಿತ್ತು. ಅಂಚಿನಲ್ಲಿ ಸುತ್ತಲೂ ಹಸಿರು ಉಂಗುರ. ರಸ ಮುಟ್ಟಿದಲ್ಲೆಲ್ಲ ಒಂದು ನಮೂನೆಯ ಕಲೆ. ವಾಸನೆಯೋ, ಹಳೆಯ ಬೀಗದ ಕೈ ಬಾಯಿಯಲ್ಲಿಟ್ಟ ಹಾಗೆ. ರುಚಿ ನೋಡೋಣವೆಂದು ಸೌಟು ಎತ್ತಿದೆ.

"ಕುಡಿಬೇಡಿ!" ಎಂದು ವಿಜಯ ಕಿರುಚಿದ್ದು ಓಣಿಯ ಆಚೆ ತುದಿಗೂ ಕೇಳಿರಬೇಕು. "ಹುಳಿಯನ್ನು ಯಾರಾದರೂ ಕಲಾಯಿ ಇಲ್ಲದ ತಾಮ್ರದಲ್ಲಿ ಇಡ್ತಾರಾ ಮಾರಾಯ್ರೆ? ಕಿಲುಬು! ವಿಷ! ಓಣಿಯ ಜನರನ್ನೆಲ್ಲ ಒಟ್ಟಿಗೇ ಕಳಿಸುವ ಅಂದಾಜುಂಟಾ?"

ಒಂದು ಗೋಣಿ ಕೊಡಗಿನ ಕಿತ್ತಳೆಯ ರಸ ಹಿತ್ತಿಲಿನ ಗುಂಡಿಗೆ ಹೋಯಿತು. ನಾನು ತಲೆ ತಗ್ಗಿಸಿ ಒಂದು ನಿಮಿಷ ನಿಂತೆ.

ಆದರೆ ನಾನು ಧೈರ್ಯಗೆಡುವವನಲ್ಲ. ಸಂಜೆ ಐದೂವರೆಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಪುತ್ತೂರಿನ ಪೇಟೆಗೆ ಹೋಗಿ, ಯಾವ ಊರಿನ ಕಿತ್ತಳೆ ಎಂದು ಈ ಸಲ ವಿಚಾರಿಸದೆ ಕೊಂಡೆ. ಮಾಷ್ಟ್ರ ಮನೆಯಿಂದ ದೊಡ್ಡ ಸ್ಟೀಲಿನ ಪಾತ್ರೆ ತಂದೆ. ಮತ್ತೆ ಹಿಂಡಿದ್ದಾಯಿತು, ರುಬ್ಬಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಪಾತ್ರೆ ತುಂಬ ಸುಂದರ ಕೆಂಪು ರಸ ಸಿದ್ಧವಾಯಿತು. ವಿಜಯ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಹುಬ್ಬು ಮೇಲೇರಿತು.

"ಲಾಯ್ಕಾಗಿದೆ," ಎಂದಳು.

ಆ ಕ್ಷಣದಲ್ಲಿ ನಾನು ಕೈಕಾಲು ತೊಳೆದು, ಊಟ ಮಾಡಿ, ಒಂದು ನಿದ್ದೆ ತೆಗೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಪಂಚು ತಂಪಾಗಬೇಡವೇ? ನಮ್ಮ ಫ್ರಿಜ್ಜಿನಲ್ಲಿ ಆ ಪಾತ್ರೆ ಹಿಡಿಸುವುದಿಲ್ಲ. ಪುತ್ತೂರಿನಲ್ಲಿ ಭಾನುವಾರ ರಾಶಿಗಟ್ಟಲೆ ಐಸು ಇರುವ ಜಾಗ ಒಂದೇ, ಮೀನು ಮಾರ್ಕೆಟ್ಟು. ಜೀವಮಾನದಲ್ಲಿ ಆ ಕಡೆ ತಲೆ ಹಾಕದ ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೋದೆ. ಮೀನು ಮಾರುವಾತ ಪ್ರಾಮಾಣಿಕ ಮನುಷ್ಯ.

"ಇದು ಮೀನಿಗೆ ಹಾಕುವ ಐಸು ಅಣ್ಣ. ಕುಡಿಲಿಕ್ಕೆ ಆಗುದಿಲ್ಲ."

"ಕುಡಿಲಿಕ್ಕಲ್ಲ, ಹೊರಗಿಂದ ತಂಪು ಮಾಡ್ಲಿಕ್ಕೆ," ಎಂದು ವಿಜ್ಞಾನಿಯ ಗಾಂಭೀರ್ಯದಿಂದ ಹೇಳಿದೆ.

ಜಗಲಿಯಲ್ಲಿ ಬಟ್ಟೆ ಒಗೆಯುವ ದೊಡ್ಡ ಟಬ್ಬಿಟ್ಟು, ಅದರೊಳಗೆ ಐಸು ಸುರಿದು, ಅದರ ನಡುವೆ ಪಂಚಿನ ಪಾತ್ರೆ ಇಟ್ಟೆ. ಯೋಜನೆ ಸರಿಯಾಗಿಯೇ ಇತ್ತು. ಜಗಲಿಗೆ ಬಂದ ಬಂಗುಡೆ ಮೀನಿನ ಪರಿಮಳ ಮಾತ್ರ ಯೋಜನೆಯಲ್ಲಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಕಾಂಪೌಂಡಿನ ಮೇಲೆ ಮೂರು ಬೆಕ್ಕುಗಳು ಬಂದು ಸಾಲಾಗಿ ಕೂತವು.

ಇನ್ನು ಉಳಿದದ್ದು ಸೋಡಾ. ಸೋಡಾದ ಅಂಗಡಿಗೆ ಹೋದರೆ ಭಾನುವಾರ ಮಧ್ಯಾಹ್ನ, ಬಾಗಿಲು ಮುಚ್ಚಿತ್ತು. ಇನ್ನೊಂದಕ್ಕೆ ಹೋದೆ, ಅಲ್ಲಿಯೂ ಮುಚ್ಚಿತ್ತು. ಬರಿಗೈಯಲ್ಲಿ ವಾಪಸಾದೆ.

"ಸೋಡಾ ಇಲ್ಲದಿದ್ದರೆ ಬೇಡ. ಹಾಗೇ ಕುಡಿಯುವ," ಎಂದಳು ವಿಜಯ. "ಇನ್ನು ಅದನ್ನು ಮುಟ್ಟಬೇಡಿ. ನಾನು ಸ್ನಾನ ಮಾಡಿ ಬರ್ತೇನೆ."

ಅವಳು ಸ್ನಾನಕ್ಕೆ ಹೋದಳು. ನಾನು ಪಂಚಿನ ಎದುರು ಒಬ್ಬನೇ ಕೂತೆ. ವಿಡಿಯೋದ ಹೆಂಗಸಿನ ಬಟ್ಟಲಿನಲ್ಲಿ ಗುಳ್ಳೆಗಳು ಮುತ್ತಿನ ಹಾಗೆ ಏಳುತ್ತಿದ್ದವು. ನನ್ನ ಪಾತ್ರೆ ಸಪ್ಪಗೆ ನಿಂತಿತ್ತು. ಆಗ ಎಸ್ಸೆಸ್ಸೆಲ್ಸಿಯ ವಿಜ್ಞಾನದ ಪಾಠ ನೆನಪಿಗೆ ಬಂತು. ಹುಳಿಗೆ ಅಡುಗೆ ಸೋಡಾ ಸೇರಿದರೆ ಗುಳ್ಳೆ ಬರುತ್ತದೆ. ಪುನರ್ಪುಳಿಗಿಂತ ದೊಡ್ಡ ಹುಳಿ ಯಾವುದಿದೆ? ಅಡುಗೆ ಸೋಡಾ ನಮ್ಮ ಅಡುಗೆ ಮನೆಯಲ್ಲಿಯೇ ಇದೆ. ಪೇಟೆಯಿಡೀ ಅಲೆದೆನಲ್ಲ!

"ಇಷ್ಟೆಯಾ!" ಎಂದೆ.

ಮೊದಲು ಒಂದು ಚಮಚ ಹಾಕಿದೆ. ಸುರ್ರೆಂದು ಒಂದಿಷ್ಟು ಗುಳ್ಳೆ ಬಂದು ಮಾಯವಾದವು. ಎರಡು ಚಮಚ ಹಾಕಿದೆ. ಚೆಲುವಾದ ನೊರೆ ಎದ್ದು ಇಳಿಯಿತು. ಇಷ್ಟು ದೊಡ್ಡ ಪಾತ್ರೆಗೆ ಚಮಚದ ಲೆಕ್ಕ ಸಾಲದೆಂದು ಇಡೀ ಪೊಟ್ಟಣವನ್ನು ಬೋರಲು ಹಾಕಿ, ಸೌಟಿನಿಂದ ಚೆನ್ನಾಗಿ ತಿರುಗಿಸಿದೆ.

ಪಾತ್ರೆ ಒಮ್ಮೆ ಗುಡುಗುಟ್ಟಿತು. ಆಮೇಲೆ ಎದ್ದಿತು!

ನೊರೆ ಎಂದರೆ ಅದು ನೊರೆಯೇ! ಪಾತ್ರೆಯ ಅಂಚು ದಾಟಿ ಟಬ್ಬಿಗೆ, ಟಬ್ಬಿನಲ್ಲಿ ಕರಗಿದ ಮೀನಿನ ನೀರನ್ನೂ ಸೇರಿಸಿಕೊಂಡು ಜಗಲಿಗೆ, ಜಗಲಿಯಿಂದ ಮೂರು ಮೆಟ್ಟಿಲು ಇಳಿದು ಅಂಗಳಕ್ಕೆ. ಕೈಯಿಂದ ತಡೆಯಲು ನೋಡಿದೆ. ಕೈ ನುಂಗಿತು. ಮುಚ್ಚಳ ಮುಚ್ಚಿದೆ. ಮುಚ್ಚಳ ಎದ್ದು ಪಕ್ಕಕ್ಕೆ ಸರಿಯಿತು. ಬಣ್ಣವೋ, ನೋಡನೋಡುತ್ತಿದ್ದ ಹಾಗೆ ಕೆಂಪು ಹೋಗಿ ನೇರಳೆಯಾಯಿತು, ನೇರಳೆ ಹೋಗಿ ನೀಲಿ, ಹಸಿರು ಮತ್ತು ಬೂದಿಯ ನಡುವಿನ ಒಂದು ಬಣ್ಣಕ್ಕೆ ಬಂದು ನಿಂತಿತು. ಆ ಬಣ್ಣಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಕನ್ನಡ ಟೀಚರನ್ನೇ ಕೇಳಬಹುದಿತ್ತು. ಆದರೆ ಅಷ್ಟರಲ್ಲಿ ಅವರು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ಪ್ರತ್ಯಕ್ಷರಾಗಿದ್ದರು. ಅವರ ಮುಖದ ಬಣ್ಣಕ್ಕೂ ಹೆಸರಿರಲಿಲ್ಲ.

"ಮುಟ್ಟಬೇಡಿ ಅಂತ ಹೇಳಿದ್ದೆ," ಎಂದಳು ಬಹಳ ಮೆತ್ತಗೆ.

ಅವಳು ಬೈದರೆ ನನಗೆ ಹೆದರಿಕೆಯಿಲ್ಲ. ಮೆತ್ತಗೆ ಮಾತಾಡಿದರೆ ಕೈಕಾಲು ತಣ್ಣಗಾಗುತ್ತದೆ.

ಬೆಕ್ಕುಗಳು ಕೆಳಗೆ ಧುಮುಕಿ ನೊರೆಯನ್ನು ನೆಕ್ಕಿ ನೋಡಿದವು. ಮೂರೂ ಒಟ್ಟಿಗೇ ತಲೆ ಕೊಡವಿ ಓಡಿದವು. ನೊರೆ ಮಾತ್ರ ಅಂಗಳ ದಾಟಿ, ಗೇಟಿನ ಅಡಿಯಿಂದ ನುಸುಳಿ, ಇಳಿಜಾರು ಹಿಡಿದು ಪಕ್ಕದ ಮನೆಯ ಅಂಗಳದತ್ತ ಪ್ರಯಾಣ ಬೆಳೆಸಿತು. ಫೆಲ್ಸಿ ಬಾಯಿಯ ಮನೆ! ನಾನು ಗುಡಿಸುವ ಹಿಡಿಸೂಡಿ ಹಿಡಿದು ಅದರ ಹಿಂದೆ ಓಡಿದೆ.

ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಫೆಲ್ಸಿ ಬಾಯಿ ಹೊರಗೆ ಬಂದರು. ಅಂಗಳಕ್ಕೆ ಬರುತ್ತಿದ್ದ ನೊರೆಯನ್ನು ನೋಡಿದರು. ಅದರ ಜಾಡು ಹಿಡಿದು ನಮ್ಮ ಗೇಟಿನವರೆಗೆ ಬಂದು ಜಗಲಿ ನೋಡಿದರು. ಮೊಣಕೈವರೆಗೆ ನೇರಳೆ ಬಣ್ಣವಾಗಿದ್ದ ನನ್ನನ್ನು ನೋಡಿದರು. ಟವೆಲು ಸುತ್ತಿದ ವಿಜಯಳನ್ನು ನೋಡಿದರು. ಅವಳ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ 'ಮಧ್ಯರಹಿತ ಪಾನೀಯ' ಎಂಬ ಫಲಕವನ್ನು ಓದಿದರು.

"ಎಂತ ಗಣಪಣ್ಣ ಇದು? ಮನೆಗೆ ಪೈಂಟು ಹೊಡಿಲಿಕ್ಕುಂಟಾ?"

ಆಮೇಲೆ ನಕ್ಕರು. ಜೂನ್ ತಿಂಗಳಿನಿಂದ ಯಾರೂ ಕೇಳಿರದ ನಗು. ಗೇಟು ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲು ವಿಜಯ ತಡೆದುಕೊಂಡಳು. ಆಮೇಲೆ ಅವಳಿಂದಲೂ ಆಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರೆ ನಾನು ಹಿಡಿಸೂಡಿ ಹಿಡಿದು ನಡುವೆ ನಿಂತಿದ್ದೆ. ಎಲ್ಲಿ ನೋಡಬೇಕೆಂದು ತಿಳಿಯದೆ ಆಕಾಶ ನೋಡಿದೆ.

"ಎಂತ ಮಾಡ್ಲಿಕ್ಕೆ ಹೊರಟದ್ದು?" ಎಂದು ಕಣ್ಣೊರೆಸಿಕೊಂಡು ಕೇಳಿದರು.

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಲಾರೆನ್ಸಣ್ಣನ ಪಂಚು," ಎಂದೆ.

ಅವರ ನಗು ನಿಂತಿತು.  ಇಷ್ಟು ದಿನ ಪಿಸುಮಾತಿನಲ್ಲಿ ಕಾಪಾಡಿದ್ದನ್ನು ನಾನು ಗೇಟಿನಲ್ಲಿ ನಿಂತು ಕಿವಿಗೇ ಹೇಳಿಬಿಟ್ಟಿದ್ದೆ.

"ಲಾರೆನ್ಸಣ್ಣನ ಪಂಚಾ?" ಎಂದರು. "ಗಣಪಣ್ಣ, ಅವರಿಗೆ ಸರಿಯಾಗಿ ಒಂದು ಚಾ ಮಾಡ್ಲಿಕ್ಕೆ ಗೊತ್ತಿರ್ಲಿಲ್ಲ."

ನಾನೂ ವಿಜಯಳೂ ಮುಖ ಮುಖ ನೋಡಿಕೊಂಡೆವು.

"ಪಂಚು ಮಾಡುದು ನಾನು. ಹದಿನೆಂಟು ವರ್ಷವೂ ನಾನೇ. ಅವರು ಅಂಗಿಗೆ ಇಸ್ತ್ರಿ ಹಾಕಿಕೊಂಡು ಸೌಟು ತಿರುಗಿಸುದು ಮಾತ್ರ. ಅದನ್ನು ನೀವೆಲ್ಲ ಲಾರೆನ್ಸಣ್ಣನ ಪಂಚು, ಲಾರೆನ್ಸಣ್ಣನ ಪಂಚು ಅಂತ ಹೇಳಿದಿರಿ. ಅವರಿಗೆ ಖುಷಿಯಾಗ್ತಿತ್ತು. ನಾನು ಸುಮ್ಮನೆ ಕೂತೆ."

"ಹಾಗಾದರೆ ಈ ವರ್ಷ..." ಎಂದು ವಿಜಯ ಶುರು ಮಾಡಿದಳು.

"ಈ ವರ್ಷ ಯಾರೂ ಕೇಳ್ಲಿಲ್ಲ ವಿಜಯಕ್ಕ."  "ಎರಡು ವಾರದಿಂದ ಗೇಟಿನ ಸದ್ದಾದಾಗಲೆಲ್ಲ ನೋಡಿದೆ. ಯಾರಾದರೂ ಬಂದು, ಫೆಲ್ಸಿ ಬಾಯಿ, ಪಂಚು ಮಾಡ್ತೀರಾ ಅಂತ ಕೇಳಿಯಾರು ಅಂತ. ಗಣಪಣ್ಣ ಬಂದರು, ಎಂತದೂ ಮಾಡುದು ಬೇಡ ಅಂತ ಹೇಳಿ ಹೋದರು. ನನ್ನನ್ನು ಕಂಡರೆ ಎಲ್ಲರೂ ಸ್ವರ ಸಣ್ಣ ಮಾಡ್ತೀರಿ. ಅವರು ಹೋದದ್ದು ಹೌದು. ನಾನು ಇದ್ದೇನಲ್ಲ?"

 ನಾಜೂಕಾಗಿ ಮಾತಾಡಿದೆನೆಂದು ಬೀಗಿದ್ದೆನಲ್ಲ, ಆ ನಾಜೂಕನ್ನು ನೆನೆದು ನೊರೆಯೊಳಗೇ ಮುಳುಗಿಬಿಡೋಣ ಎನ್ನಿಸಿತು. ಎಂಟು ಮನೆಯ ಓಣಿಯಲ್ಲಿ ಒಬ್ಬರಿಗೂ ಕೇಳಬೇಕೆಂದು ತೋಚಲಿಲ್ಲ. ನಮ್ಮ ಒಳ್ಳೆಯತನವೇ ಅವರನ್ನು ಒಳಗೆ ಕೂರಿಸಿತ್ತು.

ವಿಜಯ ಅವರ ಕೈ ಹಿಡಿದಳು. "ಫೆಲ್ಸಿ ಬಾಯಿ, ಪಂಚು ಮಾಡ್ತೀರಾ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಗಂಟೆ ಎಷ್ಟು?"

"ನಾಲ್ಕು."

"ಒಂದೂವರೆ ಗಂಟೆ ಉಂಟು. ಬೇಕಾದಷ್ಟಾಯ್ತು. ಅದನ್ನು ಮೊದಲು ಚೆಲ್ಲಿ, ಪಾತ್ರೆ ಬೂದಿ ಹಾಕಿ ಮೂರು ಸಲ ತೊಳೀರಿ. ಗಣಪಣ್ಣ, ನೀವು ಮಾತ್ರ ಒಳಗೆ ಬರಬೇಡಿ!"

ನಮ್ಮ ಅಡುಗೆ ಮನೆಯಲ್ಲಿ ಫೆಲ್ಸಿ ಬಾಯಿ ನಿಂತು ಹುಕುಂ ಕೊಡತೊಡಗಿದರು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಿತು. ಚಕ್ಕೆ, ಲವಂಗ, ಜಜ್ಜಿದ ಶುಂಠಿ, ಬೆಲ್ಲ ಬಿದ್ದವು. ಆಮೇಲೆ ಅವರು ಚಾ ಪುಡಿಯ ಡಬ್ಬಿ ಕೇಳಿದರು.

"ಚಾ ಪುಡಿಯಾ?" ಎಂದು ನಾನು ಕಿಟಕಿಯ ಹೊರಗಿನಿಂದ ಕೇಳಿದೆ.

"ಅದೇ ಹನ್ನೊಂದನೆಯದ್ದು. ಕಣ್ಣ ಚಾ! ಹಾಲು ಹಾಕದ ಚಾ. ಆ ಬಣ್ಣ, ಆ ಒಗರು, ಎಲ್ಲ ಅದರದ್ದೇ. ಪುನರ್ಪುಳಿ ಸ್ವಲ್ಪ, ಕಿತ್ತಳೆ ಸ್ವಲ್ಪ, ಲಿಂಬೆ ಸ್ವಲ್ಪ, ಒಂದು ಚಿಟಿಕೆ ಉಪ್ಪು."

"ಗುಳ್ಳೆ?"

"ಗುಳ್ಳೆ ಎಂತಕ್ಕೆ? ಕುಡಿಲಿಕ್ಕಾ, ಬಟ್ಟೆ ಒಗಿಲಿಕ್ಕಾ?"

ಹದಿನೆಂಟು ವರ್ಷ ಸುಬ್ರಾಯ ಮಾಷ್ಟ್ರು ಮೂಗಿನ ಹತ್ತಿರ ಹಿಡಿದು ಸಂಶಯಪಟ್ಟದ್ದು ಕಣ್ಣ ಚಾದ ಮೇಲೆ!

ತಂಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹಳೆಯ ವಿಧಾನದಲ್ಲಲ್ಲ. ಒಂದು ಚೊಕ್ಕ ಬಕೆಟು ಕೊಟ್ಟು, ಪ್ರತಿ ಮನೆಗೂ ಹೋಗಿ ಫ್ರಿಜ್ಜಿನ ಐಸು ಕೇಳಿ ತರಲು ಹೇಳಿದರು. ಆರು ಮನೆಗೆ ಹೋದೆ. ಆರು ಮನೆಯಲ್ಲೂ ಕೈ ಯಾಕೆ ನೇರಳೆಯಾಗಿದೆ ಎಂದು ಕೇಳಿದರು. ಆರು ಸಲವೂ ಮೊದಲಿನಿಂದ ಕಡೆಯವರೆಗೆ ಹೇಳಬೇಕಾಯಿತು. ಮೊದಲನೆಯ ಮನೆಯಲ್ಲಿ ನಾಚಿಕೆಯಾಗಿತ್ತು. ಆರನೆಯ ಮನೆಗೆ ಬರುವಾಗ ಕತೆ ನನಗೇ ರುಚಿಸತೊಡಗಿತ್ತು. ಬೆಕ್ಕುಗಳು ಮೂರಿದ್ದದ್ದು ಅಲ್ಲಿ ಹನ್ನೆರಡಾಗಿದ್ದವು.

ಐದೂವರೆಗೆ ಹಲಸಿನ ಮರದಡಿ ಎಲ್ಲರೂ ಸೇರಿದರು. ಬಿಳಿ ಬಟ್ಟೆಯ ಮೇಜಿನ ಮೇಲೆ ಸ್ಟೀಲಿನ ಪಾತ್ರೆ, ಒಳಗೆ ಕಡು ಕೆಂಪು ಪಂಚು, ಎಂಟು ಮನೆಯ ಐಸು. ಫೆಲ್ಸಿ ಬಾಯಿ ಸೀರೆ ಬದಲಿಸಿಕೊಂಡು ಬಂದು ಪಾತ್ರೆಯ ಪಕ್ಕ ನಿಂತರು. ಸೌಟನ್ನು ಒಂದು ಗಳಿಗೆ ಸುಮ್ಮನೆ ನೋಡಿದರು.  ಆಮೇಲೆ ತಾವೇ ಎತ್ತಿಕೊಂಡು ತಿರುಗಿಸಿ, ಮೊದಲ ಗ್ಲಾಸು ತುಂಬಿ ಮಾಷ್ಟ್ರಿಗೆ ಕೊಟ್ಟರು.

ಮಾಷ್ಟ್ರು ಗ್ಲಾಸನ್ನು ಮೂಗಿನ ಹತ್ತಿರ ತಂದರು. ಫಲಕ ಓದಿದರು. "ಮಧ್ಯ ಇಲ್ಲ, ಸರಿ. ಮದ್ಯ ಉಂಟಾ?" ಎಂದು ನನ್ನನ್ನು ಕೇಳಿದರು.

ಕುಡಿದು ನೋಡಿ ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಕಣ್ಣು ಒದ್ದೆಯಾಗಿತ್ತು. "ಅದೇ ರುಚಿ! ಲಾರೆನ್ಸ ಹೋದರೂ ಅವನ ಪಾಕ ಉಳಿದಿದೆ," ಎಂದರು.

"ಮಾಷ್ಟ್ರೇ," ಎಂದರು ಫೆಲ್ಸಿ ಬಾಯಿ, "ಪಾಕ ನನ್ನದು. ಭಾಷಣ ಅವರದ್ದು."

 ಆಮೇಲೆ ನಗು ಎದ್ದಿತು ನೋಡಿ, ನನ್ನ ನೊರೆಯ ಹಾಗೆ, ತಡೆಯಲು ಯಾರಿಂದಲೂ ಆಗಲಿಲ್ಲ. ಆ ಸಂಜೆ ಲಾರೆನ್ಸಣ್ಣನ ಹೆಸರು ಯಾರೂ ಪಿಸುಗುಟ್ಟಲಿಲ್ಲ. ಅವರ ಭಾಷಣಗಳನ್ನು ಒಬ್ಬೊಬ್ಬರಾಗಿ ಅನುಕರಿಸಿ ತೋರಿಸಿದರು. ಅತ್ಯಂತ ಚೆನ್ನಾಗಿ ಅನುಕರಿಸಿದವರು ಫೆಲ್ಸಿ ಬಾಯಿಯೇ. ಪಾತ್ರೆ ಖಾಲಿಯಾಯಿತು. ಮಾಷ್ಟ್ರು ನಾಲ್ಕು ಗ್ಲಾಸು ಕುಡಿದರು, ಕಣ್ಣ ಚಾ ಎಂದು ಗೊತ್ತಾದ ಮೇಲೆ ಹೆದರಿಕೆಯಿಲ್ಲವಂತೆ.

ಯುಗಾದಿಯ ಸಂಜೆಯೂ ಹೀಗೆಯೇ ಸೇರುವುದೆಂದು ತೀರ್ಮಾನವಾಯಿತು. ಅದು ಫೆಲ್ಸಿ ಬಾಯಿಯದೇ ಸೂಚನೆ. ಯಾರು ಯಾವುದನ್ನು ನೋಡಿಕೊಳ್ಳಬೇಕೆಂಬ ಪಟ್ಟಿಯನ್ನು ವಿಜಯ ಬರೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಪಾನಕ, ಫೆಲ್ಸಿ ಬಾಯಿ. ಹೋಳಿಗೆ, ವಿಜಯ. ಕೋಸಂಬರಿ, ಮಾಷ್ಟ್ರ ಮನೆ. ಹೀಗೆ ಸಾಗಿ ಕೊನೆಯ ಸಾಲಿನಲ್ಲಿ ನನ್ನ ಹೆಸರಿತ್ತು: ಕುರ್ಚಿ, ಗಣಪತಿ.

ಕೆಲಸ ಸಣ್ಣದಾದರೂ ಪಟ್ಟಿಯಲ್ಲಿ ಜಾಗ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು. ಮರದಡಿ ಜಾಗ ಇಳಿಜಾರು, ನಲವತ್ತು ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹೇಗೆ ಜೋಡಿಸಬಹುದೆಂದು ಕಾಗದದ ಮೇಲೆ ಒಂದು ನಕ್ಷೆಯನ್ನೂ ಬಿಡಿಸಿ ವಿಜಯಳಿಗೆ ತೋರಿಸಿದೆ.

"ಇದೆಂತ?" ಎಂದಳು.

"ಕುರ್ಚಿ ಜೋಡಿಸುದು ನನ್ನ ಕೆಲಸ ಅಲ್ವಾ?"

"ಅಲ್ಲ ಮಾರಾಯ್ರೆ," ಎಂದಳು ವಿಜಯ ಬಹಳ ಮೆತ್ತಗೆ. "ಕೂತ್ಕೊಳ್ಳುದು."